ಘಾಟಿಯ ದಾರಿಗೆ ಯಾವ ಕಾಲ ಒಳ್ಳೆಯದು?



ಭೂಗೋಳದ ಮೇಷ್ಟ್ರಾಗಿ ನಾನು ಬಹಳ ವರ್ಷ ಪಾಠ ಹೇಳಿದವನು. ನಿವೃತ್ತನಾದ ಮೇಲೂ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. "ಸರ್, ಮನೆಯವರನ್ನೆಲ್ಲ ಕರೆದುಕೊಂಡು ಕಾರಿನಲ್ಲಿ ಮಲೆನಾಡಿನ ಕಡೆ ಹೋಗಿ ಬರಬೇಕು. ಗಲಾಟೆ ಇರಬಾರದು, ನೋಟ ಚೆನ್ನಾಗಿರಬೇಕು. ಯಾವ ತಿಂಗಳು ಹೋದರೆ ಒಳ್ಳೆಯದು?" ಇದನ್ನು ಬಿಡುವಿನ ವೇಳೆಯ ಸಣ್ಣ ಪ್ರಶ್ನೆ ಎಂದು ನೀವು ಭಾವಿಸಬಹುದು. ಆದರೆ ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಗಾಳಿ, ಮಳೆ, ಮಣ್ಣು, ಬೆಳಕು, ಕಾಡು, ಹಬ್ಬದ ಪಂಚಾಂಗ ಇವೆಲ್ಲವನ್ನೂ ತಿಳಿದಿರಬೇಕು. ಉತ್ತರ ತಪ್ಪಿದರೆ ಕೆಲವೊಮ್ಮೆ ಪ್ರಾಣಕ್ಕೇ ಅಪಾಯ ಬರುತ್ತದೆ. ಆದ್ದರಿಂದ ಇಂದು ಈ ಒಂದು ಪ್ರಶ್ನೆಯನ್ನೇ ಹಿಡಿದು ಮಾತನಾಡೋಣ.

ನಿಮ್ಮಲ್ಲಿ ಅನೇಕರಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಕಾರು ನಡೆಸುವವರು ನೀವಲ್ಲ, ಅಪ್ಪನೋ ಚಿಕ್ಕಪ್ಪನೋ ಬಾಡಿಗೆ ಚಾಲಕರೋ ಇರುತ್ತಾರೆ. ಆದರೆ "ಈ ರಜೆಗೆ ಎಲ್ಲಿಗಾದರೂ ಹೋಗೋಣ" ಎಂದು ಮನೆಯಲ್ಲಿ ಮೊದಲು ಹಟ ಹಿಡಿಯುವವರು ನೀವೇ. ಹಟ ಹಿಡಿಯುವವರಿಗೆ ತಿಥಿ ಗೊತ್ತುಮಾಡುವ ತಿಳಿವಳಿಕೆಯೂ ಇದ್ದರೆ ಒಳ್ಳೆಯದಲ್ಲವೇ?

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ದಾರಿಯನ್ನು ಆರಿಸಿಕೊಳ್ಳುತ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿ, ಅಲ್ಲಿಂದ ಮೇಗರವಳ್ಳಿಯ ಮೇಲೆ ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಕೊನೆಗೆ ಉಡುಪಿ. ಒಟ್ಟು ಸುಮಾರು 150 ಕಿಲೋಮೀಟರ್. ಅರ್ಧ ದಿನದಲ್ಲಿ ಮುಗಿಯುವ ದಾರಿ. ಆದರೆ ಇಷ್ಟರೊಳಗೆ ತುಂಗೆಯ ದಡ, ಅಡಿಕೆ ತೋಟ, ಭತ್ತದ ಗದ್ದೆ, ದಟ್ಟ ಮಳೆಕಾಡು, ಹದಿನಾಲ್ಕು ತಿರುವುಗಳ ಘಾಟಿ, ಕರಾವಳಿಯ ತೆಂಗು ಎಲ್ಲವೂ ಬರುತ್ತವೆ. ಶಂಕರ್‌ನಾಗ್ ಅವರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಬಹುಭಾಗ ಇದೇ ಆಗುಂಬೆಯಲ್ಲಿ ಚಿತ್ರಿತವಾಯಿತು. ಆರ್.ಕೆ. ನಾರಾಯಣ್ ಅವರ ಕಲ್ಪನೆಯ ಊರಿಗೆ ಕಣ್ಣಿಗೆ ಕಾಣುವ ಬೀದಿಯನ್ನು ಕೊಟ್ಟ ಊರು ಇದು.

ಮೊದಲು ನೆಲದ ರಚನೆಯನ್ನು ನೆನಪಿಸಿಕೊಳ್ಳಿ. ಆಗುಂಬೆ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಸ್ವಲ್ಪ ಎತ್ತರದಲ್ಲಿದೆ. ನೇರ ಗೆರೆ ಎಳೆದರೆ ಅರಬ್ಬೀ ಸಮುದ್ರ ಅಲ್ಲಿಂದ ನಲವತ್ತು ಕಿಲೋಮೀಟರಿನ ಆಸುಪಾಸು. ಜೂನ್ ಮೊದಲ ವಾರದಲ್ಲಿ ನೈಋತ್ಯ ಮಾರುತ ಸಮುದ್ರದ ತೇವವನ್ನು ಹೊತ್ತು ಬರುತ್ತದೆ. ಎದುರಿಗೆ ಸಹ್ಯಾದ್ರಿಯ ಗೋಡೆ. ಗಾಳಿ ಮೇಲೇರಲೇಬೇಕು, ಏರಿದಂತೆಲ್ಲ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಅಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ. ಆ ತೇವವೇ ಮಳೆಯಾಗಿ ಸುರಿಯುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ ಸುಮಾರು 7,600 ಮಿಲಿಮೀಟರ್, ಅಂದರೆ ಬೆಂಗಳೂರಿನ ಎಂಟು ಪಟ್ಟಿಗೆ ಹತ್ತಿರ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಇನ್ನೊಂದು ಸ್ವಾರಸ್ಯ ಗಮನಿಸಿ. ಘಾಟಿಯ ನೆತ್ತಿಯಿಂದ ಪೂರ್ವಕ್ಕೆ ಹರಿದ ಹನಿ ತುಂಗೆಯನ್ನು ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಜಾರಿದ ಹನಿ ಸೀತಾನದಿಯ ಮೂಲಕ ಅರಬ್ಬೀ ಸಮುದ್ರ ಸೇರುತ್ತದೆ. ನಮ್ಮ ಕಾರು ದಾಟುವುದು ಈ ಎರಡು ಸಮುದ್ರಗಳ ನಡುವಿನ ಗಡಿಯನ್ನು.

ಈಗ ವರ್ಷದ ಕಾಲಗಳನ್ನು ಒಂದೊಂದಾಗಿ ಈ ದಾರಿಯ ಮೇಲೆ ನಡೆಸಿ ನೋಡೋಣ.

ಮಾರ್ಚ್‌ನಿಂದ ಮೇ. ಇದು ನಿಮ್ಮ ಬೇಸಗೆ ರಜೆ. ಹಗಲು ದೀರ್ಘ, ರಸ್ತೆ ಒಣಗಿರುತ್ತದೆ, ಹಲಸು ಮಾವುಗಳ ಕಾಲ. ಕಾಡಿನ ಮರಗಳಲ್ಲಿ ಕೆಂಪು ಚಿಗುರು. ಇವೆಲ್ಲ ಲಾಭದ ಕಡೆ. ನಷ್ಟದ ಕಡೆ ಏನಿದೆ? ಗಾಳಿಯಲ್ಲಿ ಧೂಳು, ತರಗೆಲೆಗೆ ಬಿದ್ದ ಬೆಂಕಿಯ ಹೊಗೆ, ಸಮುದ್ರದ ಕಡೆಯಿಂದ ಏರುವ ತೇವ ಎಲ್ಲ ಸೇರಿ ಒಂದು ಮಬ್ಬು ಪರದೆ ಕಟ್ಟುತ್ತದೆ. ಘಾಟಿಯ ಅಂಚಿನಲ್ಲಿ ನಿಂತರೂ ಕೆಳಗಿನ ಬಯಲು ಬಿಳಿಚಿಕೊಂಡಿರುತ್ತದೆ. ಹಳ್ಳಗಳು ಬತ್ತಿರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ರಾಜ್ಯದ ಎಲ್ಲ ಶಾಲೆಗಳಿಗೂ ಅದೇ ರಜೆ. ನೀವು ನಿಶ್ಶಬ್ದವನ್ನು ಹುಡುಕಿಕೊಂಡು ಹೋದರೆ ಅಲ್ಲಿ ನಿಮ್ಮ ತರಗತಿಯ ಅರ್ಧ ಜನ ಸಿಗುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್. ಮಲೆನಾಡಿನ ಮಳೆಗಾಲಕ್ಕೆ ಅದರದೇ ಚೆಲುವು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಸಿರಿನಲ್ಲಿ ಎಷ್ಟು ಬಗೆ ಇದೆ ಎಂಬುದು ಗೊತ್ತಾಗುವುದೇ ಆಗ. ಆದರೆ ಘಾಟಿಯಲ್ಲಿ ವಾಹನ ಇಳಿಸುವವನಿಗೆ ಆ ಹಸಿರನ್ನು ನೋಡುವ ಬಿಡುವು ಇರುವುದಿಲ್ಲ. ಮಂಜು ಕವಿದಾಗ ಹತ್ತಿಪ್ಪತ್ತು ಮೀಟರ್ ಆಚೆಗೆ ಏನೂ ಕಾಣದು. ಲೆಕ್ಕ ಹಾಕಿ ನೋಡಿ: ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು ಕಂಡು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲೇ ಒಂದು ಸೆಕೆಂಡು ಕಳೆಯುತ್ತದೆ. ಒದ್ದೆ ರಸ್ತೆಯಲ್ಲಿ ಚಕ್ರ ನಿಲ್ಲಲು ಒಣ ರಸ್ತೆಗಿಂತ ಬಹಳ ಹೆಚ್ಚು ದೂರ ಬೇಕು. ಉಳಿದದ್ದನ್ನು ನೀವೇ ಕಳೆದು ನೋಡಿ.

ಅದಕ್ಕಿಂತ ದೊಡ್ಡ ಭಯ ಮಣ್ಣಿನದು. ರಸ್ತೆಗಾಗಿ ಗುಡ್ಡವನ್ನು ಕಡಿದಾಗ ಅದರ ಬುಡ ಕಡಿದಾಗಿ ನಿಲ್ಲುತ್ತದೆ. ವಾರಗಟ್ಟಲೆ ನೀರು ಕುಡಿದ ಮಣ್ಣು ತೂಕವಾಗುತ್ತದೆ, ಕಣಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಒಂದು ಹೊತ್ತಿನಲ್ಲಿ ಗುಡ್ಡದ ಪಕ್ಕೆಯೇ ಜಾರಿ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಹೀಗೆ ಗುಡ್ಡಗಳು ಕುಸಿದು ಮನೆಗಳೂ ರಸ್ತೆಗಳೂ ಹೋದವು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ರಸ್ತೆ ಹಲವೆಡೆ ಕುಸಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಅಲ್ಲಿ ಚಹಾಕ್ಕೆ ನಿಂತವರೂ ವಾಹನದಲ್ಲಿದ್ದವರೂ ಪ್ರಾಣ ಕಳೆದುಕೊಂಡರು. ಇವರಾರೂ ಅಜಾಗರೂಕರಲ್ಲ. ಕಾಲ ಅಂಥದ್ದಾಗಿತ್ತು.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮಗೆ ಹೇಳಬೇಕು.

1990ರ ದಶಕದ ಒಂದು ಜುಲೈ. ಒಂಬತ್ತು ಮಂದಿ ವಿದ್ಯಾರ್ಥಿಗಳನ್ನೂ ಒಬ್ಬ ಸಹೋದ್ಯೋಗಿಯನ್ನೂ ಕರೆದುಕೊಂಡು ವ್ಯಾನಿನಲ್ಲಿ ಆಗುಂಬೆಗೆ ಹೋದೆ. ಮಳೆಯ ಪಾಠವನ್ನು ಮಳೆಯಲ್ಲೇ ಹೇಳಬೇಕು ಎಂಬ ಹುಮ್ಮಸ್ಸು. ಅಂದು ಸಂಜೆಯೇ ಘಾಟಿ ಇಳಿದು ಕೆಳಗೆ ತಂಗುವುದೆಂದು ಗೊತ್ತುಮಾಡಿ, ಮುಂಗಡ ಹಣವನ್ನೂ ಕಟ್ಟಿದ್ದೆ. ನಾಲ್ಕು ಗಂಟೆಗೆ ಆಗುಂಬೆಯಲ್ಲಿ ಕಾಫಿಗೆ ನಿಂತೆವು. ಹೋಟೆಲಿನ ಜಗಲಿಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ರಸ್ತೆ ಕೆಲಸದ ಗ್ಯಾಂಗ್‌ಮನ್ ಒಬ್ಬರು ಕುಳಿತಿದ್ದರು. ವಯಸ್ಸಾದವರು.

"ಎಲ್ಲಿಗೆ ಮೇಷ್ಟ್ರೇ ಹೊರಟದ್ದು?" ಎಂದು ಕೇಳಿದರು.

"ಘಾಟಿ ಇಳಿಯಬೇಕು. ದಾರಿಯಲ್ಲಿ ಸೂರ್ಯಾಸ್ತ ನೋಡಿಕೊಂಡು ಹೋಗೋಣ ಅಂತ" ಎಂದೆ.

ಅವರು ನಕ್ಕುಬಿಟ್ಟರು. "ಸೂರ್ಯನ ಮುಖ ನಾವು ಕಂಡೇ ಇಪ್ಪತ್ತು ದಿನ ಆಯ್ತಲ್ಲ ಮಾರಾಯ್ರೆ! ಆರಿದ್ರೆಗೆ ಹಿಡಿದ ಮಳೆ ಪುನರ್ವಸು ಬಂದರೂ ಬಿಟ್ಟಿಲ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಕೆಳಗಿನ ತಿರುವಿನ ಹತ್ತಿರ ಧರೆಯಿಂದ ಕೆಂಪು ನೀರು ಬರ್ತಾ ಉಂಟು. ತಿಳಿನೀರು ಬಂದರೆ ಹೆದರಿಕೆ ಇಲ್ಲ. ಕೆಂಪು ನೀರು ಬಂತು ಅಂದರೆ ಒಳಗೆ ಮಣ್ಣು ಬಿಟ್ಟುಕೊಂಡಿದೆ ಅಂತ ಲೆಕ್ಕ. ಇವತ್ತು ಬೇಡ."

ಮಿತ್ರರೇ, ನಾನು ಎಂ.ಎ. ಓದಿದವನು, ಮೇಷ್ಟ್ರು. ಮುಂಗಡ ಕಟ್ಟಿದ್ದೇನೆ. "ನಿಧಾನವಾಗಿ ಹೋಗುತ್ತೇವೆ, ಏನಾಗುವುದಿಲ್ಲ" ಎಂದು ಎದ್ದುಬಿಟ್ಟೆ. ಆಗ ನಮ್ಮ ತಂಡದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು, ತರಗತಿಯಲ್ಲಿ ಬಾಯಿಬಿಟ್ಟು ಒಂದು ಪ್ರಶ್ನೆಯನ್ನೂ ಕೇಳದವಳು, ನಿಧಾನವಾಗಿ ಹೇಳಿದಳು: "ಸರ್, ಅವರು ದಿನಾ ನೋಡುವವರು. ಅವರ ಮಾತು ಕೇಳೋಣ ಸರ್." ನನಗೆ ಸಿಟ್ಟು ಬಂತು. ಆದರೆ ಉಳಿದವರೂ ವ್ಯಾನಿನ ಕಡೆ ಹೆಜ್ಜೆ ಹಾಕಲಿಲ್ಲ. ಚಾಲಕನೂ ತಲೆ ತಗ್ಗಿಸಿ ನಿಂತ. ಗೊಣಗುತ್ತಲೇ ಒಪ್ಪಿದೆ. ಆ ರಾತ್ರಿ ಅಲ್ಲಿಯೇ ಒಂದು ಮನೆಯವರು ಕೊಟ್ಟ ಜಗಲಿಯಲ್ಲಿ ಚಾಪೆ ಹಾಸಿ ಮಲಗಿದೆವು.

ಬೆಳಿಗ್ಗೆ ಸುದ್ದಿ ಬಂತು: ಅದೇ ತಿರುವಿನಲ್ಲಿ ಧರೆ ಕುಸಿದು, ಎರಡು ಮರ ಸಮೇತ ಮಣ್ಣು ರಸ್ತೆಯ ಮೇಲೆ ಬಿದ್ದಿತ್ತು. ಎಷ್ಟು ಹೊತ್ತಿಗೆ ಬಿತ್ತೋ ಕಂಡವರಿಲ್ಲ. ಹೊರಟಿದ್ದರೆ ನಾವು ಆಗ ಅಲ್ಲಿ ಇರುತ್ತಿದ್ದೆವೋ, ಅಷ್ಟರಲ್ಲಿ ದಾಟಿರುತ್ತಿದ್ದೆವೋ, ಹೇಳಲು ಬಾರದು. ಆದರೆ ಒಂಬತ್ತು ಮನೆಗಳ ಮಕ್ಕಳು ನನ್ನ ಕೈಯಲ್ಲಿದ್ದರು. ಹಿಂದಿರುಗುವಾಗ ದಾರಿಯುದ್ದಕ್ಕೂ ನಾನು ಆ ಹುಡುಗಿಯ ಮುಖ ನೋಡಲಾರದೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ.

ಹೊರಡುವ ಮುಂಚೆ ಆ ಹಿರಿಯರನ್ನು ಹುಡುಕಿ ಕೇಳಿದೆ: "ಹಾಗಾದರೆ ಯಾವಾಗ ಬರಲಿ?" ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಹಸ್ತ, ಚಿತ್ತ ಮುಗೀಲಿ. ಸ್ವಾತಿ ಕಳೀಲಿ. ಆಮೇಲೆ ಬನ್ನಿ, ಸೂರ್ಯ ಸಮುದ್ರಕ್ಕೆ ಇಳಿಯೋದನ್ನ ತೋರಿಸ್ತೇನೆ."

ನಮ್ಮ ರೈತರು ಮಳೆಗಾಲವನ್ನು ನಕ್ಷತ್ರಗಳ ಹೆಸರಿನಲ್ಲಿ ಎಣಿಸುವುದು ನಿಮಗೆ ಗೊತ್ತಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂಬ ಲೆಕ್ಕ ಅದು. ಜೂನ್ ಎರಡನೆಯ ವಾರಕ್ಕೆ ಮೃಗಶಿರ, ಜೂನ್ ಕೊನೆಗೆ ಆರಿದ್ರ, ಜುಲೈ ಮೊದಲಿಗೆ ಪುನರ್ವಸು. ಸ್ವಾತಿ ಹುಟ್ಟುವುದು ಅಕ್ಟೋಬರ್ ಕೊನೆಯ ವಾರ, ಮುಗಿಯುವುದು ನವೆಂಬರ್ ಮೊದಲ ವಾರ. ನೈಋತ್ಯ ಮಾರುತ ಸಾಮಾನ್ಯವಾಗಿ ಅಕ್ಟೋಬರ್ ನಡುವಿಗೆ ನಮ್ಮ ರಾಜ್ಯದಿಂದ ಹಿಂದೆಗೆಯುತ್ತದೆ ಎನ್ನುತ್ತದೆ ಹವಾಮಾನ ಶಾಸ್ತ್ರ. ಆ ಬಳಿಕ ಮೂರು ವಾರ ಬಿಟ್ಟು ಬನ್ನಿ ಎಂದದ್ದು ಆ ಹಿರಿಯರ ಅನುಭವ. ಗುಡ್ಡದ ನೀರು ಬಸಿದು ಮಣ್ಣು ಮತ್ತೆ ಗಟ್ಟಿಯಾಗಲು ಅಷ್ಟು ಕಾಲ ಬೇಕು. ಎರಡು ಲೆಕ್ಕವೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಆ ವರ್ಷದ ನವೆಂಬರ್ ಕೊನೆಯಲ್ಲಿ, ವಾರದ ನಡುವೆ, ಅದೇ ಒಂಬತ್ತು ಮಂದಿಯನ್ನು ಕರೆದುಕೊಂಡು ಮತ್ತೆ ಹೋದೆ. ಆಗ ಕಂಡದ್ದನ್ನು ಹೇಳುತ್ತೇನೆ.

ತೀರ್ಥಹಳ್ಳಿ ದಾಟಿದ ಮೇಲೆ ಗದ್ದೆಗಳಲ್ಲಿ ಭತ್ತ ಹೊಂಬಣ್ಣಕ್ಕೆ ತಿರುಗಿತ್ತು, ಕೆಲವು ಕಡೆ ಕೊಯ್ಲು ಆರಂಭವಾಗಿತ್ತು. ಮನೆಗಳ ಅಂಗಳದಲ್ಲಿ ಸುಲಿದ ಅಡಿಕೆ ಬೇಯಿಸುವ ಒಲೆ, ಅದರ ಒಗರು ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಜುಲೈಯಲ್ಲಿ ಕೆಂಪಗೆ ಭೋರ್ಗರೆದ ಹಳ್ಳಗಳು ಈಗ ತಿಳಿಯಾಗಿ, ಕಲ್ಲುಗಳ ನಡುವೆ ಮಾತಾಡುವಂತೆ ಹರಿಯುತ್ತಿದ್ದವು. ಕಾಡು ಇನ್ನೂ ಹಸಿರಾಗಿಯೇ ಇತ್ತು. ಸಂಜೆ ಘಾಟಿಯ ಅಂಚಿನಲ್ಲಿ ನಿಂತಾಗ ಬೆಟ್ಟದ ಹಿಂದೆ ಬೆಟ್ಟ, ಅದರಾಚೆ ಕರಾವಳಿಯ ಬಯಲು, ಕೊನೆಯಲ್ಲಿ ಬೆಳ್ಳಿಯ ಗೆರೆಯಂತೆ ಸಮುದ್ರ. ಆ ಹಿರಿಯರು ಮಾತು ಉಳಿಸಿಕೊಂಡರು. ಸೂರ್ಯ ಇಳಿಯುವಷ್ಟು ಹೊತ್ತೂ ಯಾರೂ ಒಂದು ಮಾತಾಡಲಿಲ್ಲ.

ಇದು ಅದೃಷ್ಟವಲ್ಲ, ಕಾರಣವುಂಟು. ನಾಲ್ಕು ತಿಂಗಳ ಮಳೆ ಗಾಳಿಯ ಧೂಳನ್ನು ತೊಳೆದಿರುತ್ತದೆ. ನೆಲ ಇನ್ನೂ ತೇವವಾಗಿರುವುದರಿಂದ ಹೊಸ ಧೂಳು ಏಳುವುದಿಲ್ಲ, ಕಾಡಿಗೆ ಬೆಂಕಿ ಬೀಳುವ ಕಾಲ ಇನ್ನೂ ದೂರ. ಗಾಳಿ ಸಮುದ್ರದಿಂದ ಬರುವುದನ್ನು ನಿಲ್ಲಿಸಿ ಪೂರ್ವದ ಒಣನೆಲದ ಕಡೆಯಿಂದ ಬೀಸತೊಡಗುತ್ತದೆ, ಆದ್ದರಿಂದ ಆಕಾಶ ತಿಳಿ. ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ನಡುಹಗಲಲ್ಲೂ ಬಿಸಿಲು ಓರೆಯಾಗಿ ಬಿದ್ದು, ಬೆಟ್ಟಗಳ ಮಡಿಕೆಗಳು ನೆರಳಿನಿಂದ ಎದ್ದು ಕಾಣುತ್ತವೆ. ಮೇ ತಿಂಗಳ ನೆತ್ತಿಯ ಬಿಸಿಲಿಗೆ ಇದೇ ಬೆಟ್ಟ ಚಪ್ಪಟೆಯಾಗಿ ಕಾಣುತ್ತದೆ.

ಡಿಸೆಂಬರ್‌ನಿಂದ ಫೆಬ್ರುವರಿ ಏಕಾಗಬಾರದು ಎಂದು ನೀವು ಕೇಳಬಹುದು. ಆಗಬಹುದು. ಹವೆ ಹಿತ, ರಸ್ತೆ ಸುರಕ್ಷಿತ. ಆದರೆ ಮೂರು ಮಾತು ನೆನಪಿಡಿ. ಡಿಸೆಂಬರ್ ಶಾಲಾ ಪ್ರವಾಸಗಳ ತಿಂಗಳು, ವರ್ಷದ ಕೊನೆಯ ವಾರದಲ್ಲಂತೂ ಘಾಟಿಯೇ ಸಂತೆಯಾಗುತ್ತದೆ. ಹಗಲು ಗಿಡ್ಡ: ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಹಗಲಿನ ಅವಧಿ ಹನ್ನೊಂದೂಕಾಲು ಗಂಟೆಗಿಂತ ತುಸು ಹೆಚ್ಚು, ಅಷ್ಟೇ. ಮೂರನೆಯದು ಬೆಳಗಿನ ಮಂಜು. ರಾತ್ರಿ ತಣ್ಣಗಾದ ಭಾರದ ಗಾಳಿ ಕಣಿವೆಗೆ ಇಳಿದು ಕೂರುತ್ತದೆ, ಬಿಸಿಲೇರುವ ತನಕ ಕದಲುವುದಿಲ್ಲ. ಒಂಬತ್ತು ಗಂಟೆಯ ತನಕ ತಿಂಡಿ ತಿನ್ನುತ್ತ ಕಾದರೆ ತಾನೇ ಕರಗುತ್ತದೆ.

ಹಾಗಾದರೆ ಎಲ್ಲ ದಾರಿಗೂ ನವೆಂಬರೇ ಉತ್ತರವೇ? ಅಲ್ಲ. ಏನನ್ನು ನೋಡಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುವುದನ್ನು ತುಂಬಿದ ನೀರಿನಲ್ಲಿ ನೋಡಬೇಕಾದರೆ ಮಳೆಗಾಲದ ಕೊನೆಯೇ ಬೇಕು. ಚಿಕ್ಕಮಗಳೂರಿನ ಕಾಫಿ ತೋಟ ಬೆಳ್ಳಗೆ ಹೂಬಿಡುವುದು ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲಿನ ಕೆಲವೇ ದಿನ. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ ಇರುವ ಮರವಂತೆಯ ದಾರಿಗೆ ಡಿಸೆಂಬರ್ ಜನವರಿ ಚೆನ್ನ. ಮಳೆಯನ್ನೇ ನೋಡಬೇಕೆಂಬ ಆಸೆಯಿದ್ದರೆ ಅದೂ ತಪ್ಪಲ್ಲ. ಘಾಟಿ ಇಳಿಯುವ ಹಟ ಬಿಟ್ಟು ಮೇಲೆಯೇ ಒಂದು ಜಗಲಿಯಲ್ಲಿ ಕುಳಿತು ನೋಡಿ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಬಣ್ಣದ ಎಚ್ಚರಿಕೆ ಕೊಟ್ಟ ದಿನ ಮಾತ್ರ ಹೊರಡಲೇ ಬೇಡಿ. ನವೆಂಬರಿನಲ್ಲೂ ಬಂಗಾಳ ಕೊಲ್ಲಿಯ ಚಂಡಮಾರುತಗಳಿಂದ ಮೂರು ನಾಲ್ಕು ದಿನ ಮಳೆ ಹಿಡಿಯುವುದುಂಟು. ಹಿಂದಿನ ದಿನದ ವರದಿ ನೋಡಿಯೇ ಹೊರಡಿ.

ಇನ್ನು ನಿಶ್ಶಬ್ದದ ಮಾತು. ಋತು ಸರಿಯಾಗಿದ್ದರೂ ದಿನ ತಪ್ಪಿದರೆ ನಿಶ್ಶಬ್ದ ಸಿಗದು. ದಸರಾ, ದೀಪಾವಳಿ, ಶನಿವಾರ ಭಾನುವಾರಕ್ಕೆ ಅಂಟಿಕೊಂಡ ರಜೆಗಳನ್ನು ಬಿಟ್ಟು ಮಂಗಳವಾರವೋ ಬುಧವಾರವೋ ಹೋದರೆ ಅದೇ ದಾರಿ ಬೇರೆಯೇ ಆಗಿರುತ್ತದೆ. ನಿಶ್ಶಬ್ದ ಎನ್ನುವುದು ಬೇರೆಯವರು ನಮಗೆ ಕೊಡುವ ವಸ್ತು ಮಾತ್ರವಲ್ಲ, ನಾವೂ ಕೊಡಬೇಕಾದದ್ದು. ಆ ಕಾಡಿನಲ್ಲಿ ಸಿಂಗಳೀಕವಿದೆ, ಕಾಳಿಂಗ ಸರ್ಪವಿದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಷೇಧಿಸಿದ್ದು ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದುದರಿಂದಲೇ. ಕಾನೂನು ಇರಲಿ, ಇಲ್ಲದಿರಲಿ, ಕಾಡಿನ ದಾರಿಯನ್ನು ಹಗಲಿನಲ್ಲೇ ದಾಟಿ. ಹಾಡಿನ ಸದ್ದು ಕಾರಿನ ಕಿಟಕಿ ದಾಟದಿರಲಿ. ಘಾಟಿಯ ಕೋತಿಗಳಿಗೆ ತಿಂಡಿ ಎಸೆಯಬೇಡಿ. ಆ ತಿಂಡಿಯ ಆಸೆಗೆ ಅವು ರಸ್ತೆಗೆ ಬಂದು ಸಾಯುತ್ತವೆ.

ಚಾಲಕರ ಪಕ್ಕ ಕುಳಿತಾಗ ಎರಡು ನಿಯಮ ನೆನಪಿಸಿ. ಕಿರಿದಾದ ಘಾಟಿಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕು, ಇದು ಕಾನೂನು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಮಿತ್ರರೇ, ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆಯಿರಿ. ಎದುರಿಗೆ ನಾಲ್ಕು ಕಲಂ ಎಳೆಯಿರಿ: ಮಳೆ, ನೋಟ, ಜನಸಂದಣಿ, ಅಪಾಯ. ನಿಮ್ಮ ಮನೆಯವರು ಹೋಗಬೇಕೆಂದಿರುವ ದಾರಿಯ ಹೆಸರನ್ನು ಮೇಲೆ ಬರೆದು ಒಂದೊಂದನ್ನೂ ತುಂಬಿಸಿ. ಕೊನೆಯ ಕಲಂ ತುಂಬುವಾಗ ಪುಸ್ತಕವನ್ನಷ್ಟೇ ನಂಬಬೇಡಿ, ಆ ಊರಿನವರೊಬ್ಬರನ್ನು ಕೇಳಿ. ಕೇಳಿದ ಮೇಲೆ ಅವರ ಮಾತಿಗೆ ಬೆಲೆ ಕೊಡಿ. ನನಗೆ ಆ ಪಾಠ ಕಲಿಸಿದವರು ಕಂಬಳಿ ಕೊಪ್ಪೆಯ ಒಬ್ಬ ಹಿರಿಯರು ಮತ್ತು ನನ್ನದೇ ತರಗತಿಯ ಕೊನೆಯ ಬೆಂಚಿನ ಒಬ್ಬ ಹುಡುಗಿ.

ನಿಮ್ಮ ಪ್ರಯಾಣ ಸುಖಕರವಾಗಲಿ.